ಲಕ್ಷಣಕ್ಕಿಂತ ಮೊದಲು ನಾಟಕ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಗ್ರೀಕ್ ರುದ್ರನಾಟಕದ ಪರಿಚಯವಾಗುವುದು ಬಹುಮಟ್ಟಿಗೆ ಪಾಶ್ಚಾತ್ಯ ಕಾವ್ಯಮೀಮಾಂಸೆಯ ಪಾಠದಲ್ಲಿ. ಅಲ್ಲಿ ಮೊದಲು ಎದುರಾಗುವುದು ಅರಿಸ್ಟಾಟಲನ ಲಕ್ಷಣವಾಕ್ಯ. ಅನುಕರಣ, ಹಮಾರ್ಷಿಯ, ಕೆಥಾರ್ಸಿಸ್ ಎಂಬ ಪದಗಳು ಕಂಠಪಾಠವಾಗುತ್ತವೆ, ಅವುಗಳ ಮೇಲೆ ಟಿಪ್ಪಣಿ ಸಿದ್ಧವಾಗುತ್ತದೆ, ಪರೀಕ್ಷೆಯೂ ಮುಗಿಯುತ್ತದೆ. ಒಂದಾದರೂ ಗ್ರೀಕ್ ನಾಟಕವನ್ನು ಓದದೆಯೇ ಇದೆಲ್ಲ ನಡೆದುಹೋಗಬಹುದು. ಉಣ್ಣದವನು ರುಚಿಯನ್ನು ವಿವರಿಸಿದಂತೆ ಇದು.

ಚರಿತ್ರೆಯ ಕ್ರಮ ಇದಕ್ಕೆ ವಿರುದ್ಧವಾದುದು. ಈಸ್ಕಿಲಸ್, ಸೊಫೋಕ್ಲೀಸ್, ಯೂರಿಪಿಡೀಸರು ಬರೆದದ್ದು ಕ್ರಿ.ಪೂ. 5ನೆಯ ಶತಮಾನದಲ್ಲಿ, ಅರಿಸ್ಟಾಟಲ್ 'ಕಾವ್ಯಮೀಮಾಂಸೆ'ಯನ್ನು ರಚಿಸಿದ್ದು 4ನೆಯ ಶತಮಾನದಲ್ಲಿ. ನಾಟಕಗಳು ಮೊದಲು ಹುಟ್ಟಿದವು, ಜನರನ್ನು ನಡುಗಿಸಿದವು. ಆ ನಡುಕ ಏಕೆಂದು ತತ್ತ್ವಜ್ಞ ಆಮೇಲೆ ವಿಚಾರಿಸಿದ. ಉತ್ತರವನ್ನು ಕಲಿತು ಪ್ರಶ್ನೆಯನ್ನು ಕೇಳದೆಯೇ ಬಿಡುವ ಪದ್ಧತಿಯಿಂದ ಸಾಹಿತ್ಯದ ವಿದ್ಯಾರ್ಥಿಗೆ ದೊರೆಯುವುದು ಅಂಕ ಮಾತ್ರ.

ಕನ್ನಡದಲ್ಲಿ ಈ ಅಧ್ಯಯನಕ್ಕೆ ದಾರಿ ಹಾಕಿದ ಬಿ. ಎಂ. ಶ್ರೀಕಂಠಯ್ಯನವರು ಲಕ್ಷಣದಿಂದ ಹೊರಡಲಿಲ್ಲ, ಕೃತಿಯಿಂದ ಹೊರಟರು. ರನ್ನನ ಕಾವ್ಯವನ್ನು 'ಗದಾಯುದ್ಧ ನಾಟಕ'ವಾಗಿಸಿ ದುರ್ಯೋಧನನಲ್ಲಿ ರುದ್ರನಾಯಕನನ್ನು ಕಂಡರು. 1929ರಲ್ಲಿ ಸೊಫೋಕ್ಲೀಸನ 'ಏಜಾಕ್ಸ್' ನಾಟಕವನ್ನು 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ತಂದರು. ಅವಮಾನದಿಂದ ಬೆಂದು, ಮತಿ ಕೆಟ್ಟು, ಅರಿವು ಮರಳಿದಾಗ ಬದುಕಲಾರದೆ ಹೋದ ಗ್ರೀಕ್ ವೀರನ ಪಾಡು ಅವರಿಗೆ ಕುರುಕ್ಷೇತ್ರದ ಕೊನೆಯ ರಾತ್ರಿಯಲ್ಲಿ ಕಾಣಿಸಿತು. ಪುರಾಣಕ್ಕೆ ಚಿರಂಜೀವಿಯಾದವನು ಅವರ ನಾಟಕದಲ್ಲಿ ಸಾಯುತ್ತಾನೆ. ಇದು ಸರಿಯೇ ಎಂಬ ಚರ್ಚೆ ಅಂದಿನಿಂದಲೂ ನಡೆದಿದೆ. ಚರ್ಚೆ ಹುಟ್ಟಿದ್ದೇ ಲಾಭ. ಎರಡು ಪುರಾಣಗಳು ಮುಖಾಮುಖಿಯಾದಲ್ಲಿ ಮಾತ್ರ ಅಂಥ ಪ್ರಶ್ನೆ ಏಳುತ್ತದೆ.

ಗಡಿನಾಡಿನ ವಿದ್ಯಾರ್ಥಿಗೆ ಇಂಥ ಮುಖಾಮುಖಿಗೆ ಬೇಕಾದ ಸಾಮಗ್ರಿ ಕಾಲಬುಡದಲ್ಲೇ ಇದೆ. ಮಡಕಶಿರಾ ಸೀಮೆಯ ರೊಳ್ಳದಂಥ ಊರಿನಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಬರಹ ತೆಲುಗು. ರಾಯದುರ್ಗವಂತೂ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆ ಬಳ್ಳಾರಿಯ ನೆಲದಲ್ಲೇ ಕಂಪಿಲಿಯ ಕುಮಾರರಾಮನ ಕಥೆ ಬೆಳೆದದ್ದು. ಮಲತಾಯಿ ರತ್ನಾಜಿ ಅವನನ್ನು ಬಯಸುತ್ತಾಳೆ, ಅವನು ನಿರಾಕರಿಸುತ್ತಾನೆ, ಅವಳು ಅಪವಾದ ಹೊರಿಸುತ್ತಾಳೆ, ತಂದೆ ಕಂಪಿಲರಾಯ ವಿಚಾರಿಸದೆ ಮಗನ ತಲೆ ತರಲು ಆಜ್ಞಾಪಿಸುತ್ತಾನೆ. ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ ಹಾಡಿದ. ಬಯಲಾಟದವರು ಕುಣಿದು ತೋರಿಸಿದರು. ತೆಲುಗಿನಲ್ಲಿ ಇದೇ ಬಗೆಯ ಸಾರಂಗಧರನ ಕಥೆಯನ್ನು ಬಳ್ಳಾರಿಯಲ್ಲಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು 'ವಿಷಾದ ಸಾರಂಗಧರ' ಎಂಬ ರುದ್ರನಾಟಕವಾಗಿಸಿದರು.

ಕ್ರಿ.ಪೂ. 428ರಲ್ಲಿ ಅಥೆನ್ಸಿನಲ್ಲಿ ಆಡಿದ ಯೂರಿಪಿಡೀಸನ 'ಹಿಪ್ಪೊಲಿಟಸ್' ನಾಟಕದ ಹಂದರವೂ ಇದೇ. ಮಲತಾಯಿ ಫೀಡ್ರಾ, ತಂದೆ ಥೀಸಿಯಸ್, ನಿರಪರಾಧಿ ಮಗ. ಆದರೆ ಹೋಲಿಕೆಯನ್ನು ಪಟ್ಟಿ ಮಾಡಿ ನಿಲ್ಲಿಸಿದರೆ ಏನೂ ಕಲಿತಂತಾಗದು, ಭೇದವೇ ಪಾಠ. ಫೀಡ್ರಾ ತನ್ನ ಬಯಕೆಯನ್ನು ಬಚ್ಚಿಡಲು ಅನ್ನ ಬಿಟ್ಟು ಮಲಗುತ್ತಾಳೆ. ಗುಟ್ಟು ಹೊರಬೀಳುವುದು ದಾದಿಯ ಬಾಯಿಂದ. ಮಾನ ಹೋದೀತೆಂಬ ಭಯದಲ್ಲಿ ಪ್ರಾಣ ಬಿಡುವ ಅವಳು ಸುಳ್ಳು ಓಲೆಯೊಂದನ್ನು ಉಳಿಸಿ ಹೋಗುತ್ತಾಳೆ. ಅವಳು ತಪ್ಪಿತಸ್ಥೆಯೂ ಹೌದು, ಕರುಣೆಗೆ ಪಾತ್ರಳೂ ಹೌದು. ನಮ್ಮ ಕಥೆಯಲ್ಲಿ ರತ್ನಾಜಿಯ ಒಳತೋಟಿಗೆ ಅಷ್ಟು ಜಾಗವಿದೆಯೇ? ನಾಯಕನನ್ನು ಪರನಾರೀಸಹೋದರನೆಂದು ಮೆರೆಸುವ ಭರದಲ್ಲಿ ಅವಳು ಬರಿಯ ಕಾಮುಕಿಯಾಗಿ ಉಳಿದಳೇ? ಗ್ರೀಕ್ ನಾಟಕವನ್ನು ಓದಿದವರಿಗೆ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ಪ್ರಶ್ನೆ ಒಂದೇ ದಿಕ್ಕಿನಿಂದ ಬರಬೇಕಾಗಿಲ್ಲ. ಥೀಸಿಯಸನ ಶಾಪವನ್ನು ತಡೆಯುವವರು ಅಲ್ಲಿ ಯಾರೂ ಇಲ್ಲ. ಕಂಪಿಲಿಯಲ್ಲಿ ಮಂತ್ರಿ ಬೈಚಪ್ಪನಿದ್ದಾನೆ. ಅವನು ರಾಜಾಜ್ಞೆಯನ್ನು ನಡೆಸಿದಂತೆ ತೋರಿಸಿ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ. ಅಧಿಕಾರ ಅನ್ಯಾಯವನ್ನು ಆಜ್ಞಾಪಿಸಿದಾಗ ಅದರ ಸೇವಕ ಏನು ಮಾಡಬೇಕು ಎಂಬುದನ್ನು ನಮ್ಮ ಕಥೆ ಕೇಳುತ್ತದೆ, 'ಹಿಪ್ಪೊಲಿಟಸ್' ಕೇಳುವುದಿಲ್ಲ. ಹೀಗೆ ಓದಿದ ಮೇಲೆ ಹಮಾರ್ಷಿಯ ಪದ ಬರಲಿ. ದೋಷ ಯಾರದು? ಅಪವಾದ ಹೊರಿಸಿದವಳದೋ, ವಿಚಾರಿಸದ ತಂದೆಯದೋ, ತನ್ನ ಶುದ್ಧಿಯಲ್ಲೇ ಗರ್ವಪಟ್ಟ ಮಗನದೋ? ಆಗ ಆ ಪದ ಚರ್ಚೆಗೆ ಹತ್ಯಾರವಾಗುತ್ತದೆ.

ಹೊತ್ತಿಲ್ಲ, ಪಠ್ಯಕ್ರಮ ದೊಡ್ಡದು ಎಂಬ ಆಕ್ಷೇಪ ಸಹಜ. ಆದರೆ ಗ್ರೀಕ್ ರುದ್ರನಾಟಕ ಸಣ್ಣ ಕೃತಿ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಶ್ರೀಯವರ 'ಪಾರಸಿಕರು', ಲಂಕೇಶರು ಅನುವಾದಿಸಿದ ಈಡಿಪಸ್ ಮತ್ತು ಅಂತಿಗೊನೆ ಕನ್ನಡದಲ್ಲೇ ಇವೆ. ನಮ್ಮದನ್ನೇ ಪೂರ್ತಿ ಓದದವರಿಗೆ ಗ್ರೀಕರ ಗೊಡವೆ ಏಕೆ ಎಂಬ ಇನ್ನೊಂದು ಆಕ್ಷೇಪಕ್ಕೆ ರತ್ನಾಜಿಯೇ ಉತ್ತರ: ನಮ್ಮದನ್ನು ಇನ್ನೊಮ್ಮೆ ಓದಿಸಿದ್ದು ಆ ಗ್ರೀಕ್ ನಾಟಕವೇ.

ಗಡಿಯಲ್ಲಿ ಕನ್ನಡ ಉಳಿಯಬೇಕೆಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಕನ್ನಡ ಓದಿ ಏನಾದೀತು ಎಂಬ ಪ್ರಶ್ನೆಯನ್ನು ಇಲ್ಲಿನ ವಿದ್ಯಾರ್ಥಿ ಮನೆಯಲ್ಲೇ ಕೇಳುತ್ತಿರುತ್ತಾನೆ. ಕಾಪಾಡಬೇಕಾದ ವಸ್ತುವೆಂದಷ್ಟೇ ಕಂಡರೆ ಭಾಷೆ ಅವನಿಗೆ ಹೊರೆ. ಅಥೆನ್ಸಿನ ದುಃಖವನ್ನೂ ಕಂಪಿಲಿಯ ದುಃಖವನ್ನೂ ಒಟ್ಟಿಗೆ ತೂಗಿ ನೋಡಲು ಅದೇ ಭಾಷೆ ಸಾಕಾಗುತ್ತದೆಂದು ಕಂಡರೆ ಅದು ಬಲ. ಆದುದರಿಂದ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ಸರಳ. ಲಕ್ಷಣದ ಪಾಠಕ್ಕೆ ಮುನ್ನ ಒಂದು ನಾಟಕವನ್ನು ತರಗತಿಯಲ್ಲಿ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿಸಲಿ. ಜೊತೆಗೆ ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಹಿರಿಯರಿಂದ ಅಂಥ ಒಂದು ಕಥೆಯನ್ನು ಕೇಳಿ ಬರೆದುಕೊಂಡು ಬರಲಿ. ಅರಿಸ್ಟಾಟಲ್ ಒಂದು ವಾರ ಕಾಯಬಲ್ಲ. ಕಥೆ ಬಲ್ಲ ಹಿರಿಯರು ಕಾಯಲಾರರು.