ಅಳತೆ ಪುಸ್ತಕ ಮತ್ತು ಪ್ರಾರ್ಥನೆ

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜಮಖಂಡಿಯ ನಮ್ಮ ಮನೆಗೆ ಬಂದಿದ್ದ. ಕ್ರೈಸ್ತ ಕುಟುಂಬದ ಹುಡುಗ; ಈಗ ಸಿವಿಲ್ ಎಂಜಿನಿಯರ್. ತಲೆಗೂದಲು ನರೆಯತೊಡಗಿದೆ. ಚಹಾ ಕುಡಿಯುತ್ತ, "ಸರ್, ಅವತ್ತ ನೀವು ಹೇಳಿದ ಮಾತು ನಾ ಕೇಳಲಿಲ್ಲ ನೋಡ್ರಿ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಸಂಗತಿ. ಅವನು ಆಗಷ್ಟೇ ನೌಕರಿಗೆ ಸೇರಿದ್ದ. ಸಣ್ಣ ಸೇತುವೆಯೊಂದರ ಅಡಿಪಾಯವನ್ನು ನಕ್ಷೆಯಲ್ಲಿದ್ದಷ್ಟು ಆಳಕ್ಕೆ ಅಗೆದಿರಲಿಲ್ಲ. ಆದರೂ ಪೂರ್ಣ ಆಳವನ್ನೇ ಅಳತೆ ಪುಸ್ತಕದಲ್ಲಿ ಬರೆದು ಸಹಿ ಹಾಕೆಂದು ಮೇಲಿನವರು ಒತ್ತಾಯಿಸಿದ್ದರು. ಏನು ಮಾಡಲೆಂದು ನನ್ನನ್ನು ಕೇಳಲು ಬಂದ. ನಾನು, "ತಮ್ಮಾ, ದೇವರು ಚರ್ಚಿನ್ಯಾಗ ಇರಲಿ, ನೌಕರಿ ಆಫೀಸಿನ್ಯಾಗ ಇರಲಿ. ಎರಡೂ ಕೂಡಿಸಬ್ಯಾಡ" ಎಂದೆ. ತರಗತಿಯಲ್ಲಿ ಸತ್ಯವನ್ನು ಬೋಧಿಸುತ್ತಿದ್ದ ಮಾಸ್ತರನ ಬಾಯಿಂದ ಬಂದ ಮಾತದು! ಅವನು ಸಹಿ ಹಾಕಲಿಲ್ಲ. ದೂರದೂರಿಗೆ ವರ್ಗವಾಯಿತು, ಬಡ್ತಿ ತಡವಾಯಿತು, ಸಂಸಾರ ಎರಡು ಊರುಗಳಲ್ಲಿ ಹಂಚಿಹೋಯಿತು.

ನನ್ನ ಸಲಹೆ ತಪ್ಪಾಗಿತ್ತೆಂದು ಇಂದು ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ. ಕಾರಣವನ್ನೂ ಹೇಳಬೇಕು.

ಕಚೇರಿಯಲ್ಲಿ 'ಎಂ.ಬಿ.' ಎನ್ನುವ ಅಳತೆ ಪುಸ್ತಕ ಸಾಮಾನ್ಯ ವಹಿಯಲ್ಲ. ನಡೆದ ಕೆಲಸವನ್ನು ಎಂಜಿನಿಯರ್ ಸ್ವತಃ ಅಳೆದು ಅದರಲ್ಲಿ ಬರೆಯುತ್ತಾನೆ. ಅದರ ಆಧಾರದ ಮೇಲೆಯೇ ಗುತ್ತಿಗೆದಾರನಿಗೆ ಹಣ ಸಂದಾಯವಾಗುತ್ತದೆ. ಕಾಂಕ್ರೀಟು ಬಿದ್ದು ಮಣ್ಣು ಮುಚ್ಚಿದ ಮೇಲೆ ಅಡಿಪಾಯವನ್ನು ಕಾಣುವವರು ಯಾರು? ಮುಂದೆ ಆ ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ರೈತನ ಜೀವವು ಒಬ್ಬನ ಪ್ರಾಮಾಣಿಕತೆಯ ಮೇಲೆ ನಿಂತಿರುತ್ತದೆ.

ನಮ್ಮ ಭಾಗದವರಿಗೆ ಚಿಕ್ಕಪಡಸಲಗಿಯ ಬ್ಯಾರೇಜು ಗೊತ್ತು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ 'ಶ್ರಮಬಿಂದು ಸಾಗರ'. ಅಲ್ಲಿ ಕಟ್ಟಿದವರೂ ನೀರು ಉಣ್ಣಿಸಿಕೊಳ್ಳುವವರೂ ಒಬ್ಬರೇ. ಸಿಮೆಂಟಿನಲ್ಲಿ ಮೋಸ ಮಾಡಿದರೆ ತಮಗೇ ಮೋಸ. ಆದರೆ ವರ್ಗವಾಗಿ ಬಂದುಹೋಗುವ ಎಂಜಿನಿಯರನಿಗೆ ಆ ಸೇತುವೆ ದಾಟುವವನ ಮುಖ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಆ ಮನುಷ್ಯನನ್ನು ಕಣ್ಣೆದುರು ತಂದು ನಿಲ್ಲಿಸುವುದೇ ಧರ್ಮದ ಕೆಲಸ. ಏಸು ಬೋಧಿಸಿದ ನೆರೆಯವನ ಪ್ರೀತಿ ಎಂದರೆ ಇದೇ ಎಂದು ನನ್ನ ಶಿಷ್ಯ ತಿಳಿದಿದ್ದ. ನಾನು ತಿಳಿದಿರಲಿಲ್ಲ.

ಇದು ಹೊಸ ವಿಚಾರವೇನಲ್ಲ. 1851ರಲ್ಲಿ ನಮ್ಮ ಗುಳೇದಗುಡ್ಡದಲ್ಲಿಯೂ ಕೇಂದ್ರ ತೆರೆದ ಬಾಸೆಲ್ ಮಿಷನ್ನಿನವರು ಪಾದ್ರಿಗಳೊಡನೆ ಕಸುಬುದಾರರನ್ನೂ ಕರೆತಂದರು. ಮಂಗಳೂರಿನಲ್ಲಿ ಹಾಲರ್ ನೇಯ್ಗೆಯ ಕಾರ್ಖಾನೆ ನಡೆಸಿದರು. ಯಂತ್ರಶಿಲ್ಪಿ ಪ್ಲೆಬ್‌ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಮಗ್ಗ ಮತ್ತು ಆವಿಗೆಗಳೂ ಅವರಿಗೆ ದೇವರ ಸೇವೆಯ ಭಾಗವೇ ಆಗಿದ್ದವು. ಗೋದಾವರಿಗೆ 1847ರಿಂದ 1852ರ ಅವಧಿಯಲ್ಲಿ ಧವಳೇಶ್ವರಂ ಆಣೆಕಟ್ಟು ಕಟ್ಟಿಸಿದ ಆರ್ಥರ್ ಕಾಟನ್ ಶ್ರದ್ಧಾವಂತ ಕ್ರೈಸ್ತರು. ಅವರು ಪರಕೀಯ ಸರಕಾರದ ಅಧಿಕಾರಿ ಎಂಬುದನ್ನು ಮರೆಯಬೇಕಿಲ್ಲ. ಆದರೂ ಗೋದಾವರಿ ಸೀಮೆಯ ರೈತರು ಇಂದಿಗೂ ಅವರ ಪ್ರತಿಮೆಗೆ ಮಾಲೆ ಹಾಕುತ್ತಾರೆ. ಅದು ಅವರ ಮತಕ್ಕೆ ಹಾಕಿದ ಮಾಲೆಯಲ್ಲ, ಹೊಲಕ್ಕೆ ಬಂದ ನೀರಿಗೆ ಹಾಕಿದ್ದು.

ಹಾಗಾದರೆ ದೈವಭಕ್ತರು ಮಾತ್ರ ಪ್ರಾಮಾಣಿಕರೇ ಎಂದು ಕೆಲವರು ಕೇಳಬಹುದು. ಖಂಡಿತ ಅಲ್ಲ. ಪೂಜೆ ಮಾಡಿ ಲಂಚ ತಿನ್ನುವವರನ್ನೂ, ದೇವರನ್ನು ನಂಬದೆ ನೆಟ್ಟಗೆ ಬದುಕಿದವರನ್ನೂ ಕಂಡಿದ್ದೇನೆ. ನಾನು ಹೇಳುವುದಿಷ್ಟೇ: ನಂಬಿಕೆ ಎಂಬುದೊಂದಿದ್ದರೆ ಅದನ್ನು ಚಪ್ಪಲಿಯಂತೆ ಕಚೇರಿಯ ಬಾಗಿಲಲ್ಲಿ ಬಿಟ್ಟು ಹೋಗಲಾಗದು. ಹಾಗೆಂದು ಮೇಜಿನ ಮೇಲೆ ಶಿಲುಬೆ ಇಡಬೇಕೆಂದಿಲ್ಲ. ಸಹೋದ್ಯೋಗಿಗಳಿಗೆ ಉಪದೇಶ ಮಾಡಬೇಕೆಂದೂ ಇಲ್ಲ. ನನ್ನ ಶಿಷ್ಯ ಅವೆರಡನ್ನೂ ಮಾಡಲಿಲ್ಲ. ಟೇಪು ಹಿಡಿದು ಸರಿಯಾಗಿ ಅಳೆದ, ಅಳೆದದ್ದನ್ನೇ ಬರೆದ. ಬಸವಣ್ಣನವರ ನಾಡಿನಲ್ಲಿ ಹುಟ್ಟಿ, ಕಾಯಕದ ಮೇಲೆ ಭಾಷಣ ಮಾಡುತ್ತಿದ್ದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಿದ್ದರೂ ಸಾಕಿತ್ತು, ಹಾಸನ್ನೂ ಹೊಕ್ಕನ್ನೂ ಬೇರೆ ಮಾಡಿದರೆ ಉಳಿಯುವುದು ಬರಿಯ ನೂಲು, ಬಟ್ಟೆಯಲ್ಲ ಎನ್ನುತ್ತಿದ್ದರು.

ಹೊರಡುವಾಗ, "ಪಶ್ಚಾತ್ತಾಪ ಐತೇನೋ?" ಎಂದು ಕೇಳಿದೆ. "ಮನೆಯಾಕೆಗೆ ಭಾಳ ತ್ರಾಸ ಆತು ಸರ್, ಅದೊಂದು ಐತಿ" ಎಂದ. ಆ ನಷ್ಟವನ್ನು ಯಾರೂ ತುಂಬಿಕೊಟ್ಟಿಲ್ಲ. ಪ್ರಾಮಾಣಿಕರಿಗೆ ಕೊನೆಗೆ ಎಲ್ಲವೂ ಒಳ್ಳೆಯದೇ ಆಗುತ್ತದೆಂದು ಸುಳ್ಳು ಹೇಳಿ ನಿಮ್ಮನ್ನು ಒಪ್ಪಿಸಲಾರೆ.

ಮುಧೋಳ, ಬೀಳಗಿಗಳಿಂದ ಹೊರಟು ಎಲ್ಲೆಲ್ಲೋ ಎಂಜಿನಿಯರರಾಗಿರುವ ನನ್ನ ಶಿಷ್ಯರೇ, ನಿಮ್ಮಲ್ಲಿ ಇನ್ನಾರಿಗಾದರೂ ನಾನು ಅಂತಹುದೇ ಸಲಹೆ ಕೊಟ್ಟಿದ್ದರೆ ದಯವಿಟ್ಟು ಅದನ್ನು ಮರೆತುಬಿಡಿ.