‘625 ಕೊಡ್ರಿ’ ಅನ್ನೋ ಮುಂಚೆ: ಹೊಸ ಆ್ಯಂಟಿಬಯಾಟಿಕ್ ಬರೋದು ಯಾಕೆ ತಡ?

ಖಾನಾಪುರ: ನೆಗಡಿ, ಗಂಟಲು ನೋವು ಬಂದ್ರೆ ಮೆಡಿಕಲ್ ಅಂಗಡಿಗೆ ಹೋಗಿ ‘625 ನಾಲ್ಕು ಗುಳಿಗೆ ಕೊಡ್ರಿ’ ಅನ್ನೋದು ನಮ್ಮ ತಾಲೂಕಿನಲ್ಲೂ, ಬೆಳಗಾವಿ ಸಿಟಿಯಲ್ಲೂ ಹೊಸದೇನಲ್ಲ. ಆ 625 ಅಂದ್ರೆ ಏನು?

500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲಾನಿಕ್ ಆ್ಯಸಿಡ್. ಬ್ಯಾಕ್ಟೀರಿಯಾದ ಸುತ್ತ ಗಟ್ಟಿ ಗೋಡೆ ಇರುತ್ತದೆ. ಅದು ಬೆಳೆದು ಒಂದು ಎರಡಾಗುವಾಗ ಹೊಸ ಗೋಡೆ ಕಟ್ಟಿಕೊಳ್ಳಬೇಕು. ಅಮಾಕ್ಸಿಸಿಲಿನ್ ಆ ಕೆಲಸ ನಿಲ್ಲಿಸುತ್ತದೆ, ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ನಮ್ಮ ಜೀವಕೋಶಕ್ಕೆ ಇಂಥ ಗೋಡೆ ಇಲ್ಲ, ಅದಕ್ಕೇ ನಮಗೆ ಪೆಟ್ಟು ಕಡಿಮೆ. ನೆಗಡಿ ತರುವ ವೈರಸ್‌ಗೂ ಗೋಡೆ ಇಲ್ಲ. ಅಂದ್ರೆ ನೆಗಡಿಗೆ 625 ನುಂಗಿದರೆ ದುಡ್ಡು ದಂಡ.

ಬ್ಯಾಕ್ಟೀರಿಯಾನೂ ಸುಮ್ಮನೆ ಕೂತಿಲ್ಲ. ಔಷಧಿಯನ್ನೇ ತುಂಡು ಮಾಡುವ ಕಿಣ್ವ ತಯಾರಿಸುತ್ತದೆ. ಆ ಕಿಣ್ವವನ್ನು ತಡೆಯಲೆಂದೇ 125 ಮಿಲಿಗ್ರಾಂ ಸೇರಿಸಿದ್ದು. ಆದರೆ 2010ರಲ್ಲಿ ದೇಶದಲ್ಲಿ ಗದ್ದಲ ಎಬ್ಬಿಸಿದ, ನವದೆಹಲಿ ಹೆಸರಿನ ‘ಎನ್‌ಡಿಎಂ-1’ ಕಿಣ್ವಕ್ಕೆ ಇದು ಲೆಕ್ಕಕ್ಕೇ ಇಲ್ಲ. ಐಸಿಯುನಲ್ಲಿ ಕೊಡುವ ಮೆರೋಪೆನೆಮ್ ಇಂಜೆಕ್ಷನ್ನನ್ನೂ ಅದು ಕತ್ತರಿಸುತ್ತದೆ.

ಹಾಗಾದ್ರೆ ಹೊಸ ಔಷಧಿ? ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಆಸ್ಟ್ರಾಜೆನೆಕಾ ಸಂಶೋಧನಾ ಕೇಂದ್ರದಲ್ಲಿ ಟಿಬಿ ಬ್ಯಾಕ್ಟೀರಿಯಾ ಗೋಡೆ ಕಟ್ಟಲು ಬಳಸುವ ‘ಡಿಪಿಆರ್‌ಇ1’ ಕಿಣ್ವಕ್ಕೆ ಹೊಡೆತ ಕೊಡುವ ಔಷಧಿ ಹುಡುಕಿದರು. ಈಗ ಅದರ ಹೆಸರು ‘ಟಿಬಿಎ-7371’. ಕಂಪನಿ 2014ರಲ್ಲಿ ಆ ಕೇಂದ್ರ ಮುಚ್ಚಿತು. ಔಷಧಿ ಬೇರೆ ಸಂಸ್ಥೆಗಳ ಕೈ ಸೇರಿ ರೋಗಿಗಳ ಮೇಲಿನ ಪ್ರಯೋಗದ ಹಂತಕ್ಕೆ ಬಂತು. ಬ್ಯಾಕ್ಟೀರಿಯಾ ಎರಡಾಗೋದನ್ನೇ ತಡೆಯಲು ‘ಎಫ್‌ಟಿಎಸ್‌ಝಡ್’ ಎಂಬ ಪ್ರೋಟೀನ್ ಮೇಲೂ ಹಲವು ಕಡೆ ಸಂಶೋಧನೆ ನಡೆದಿದೆ. ಅದರ ಔಷಧಿ ಇನ್ನೂ ಅಂಗಡಿಗೆ ಬಂದಿಲ್ಲ.

ಕಾರಣ ವ್ಯಾಪಾರದ್ದೂ ಹೌದು. ಬಿಪಿ, ಶುಗರ್ ಗುಳಿಗೆ ಜೀವನಪೂರ್ತಿ ಮಾರಾಟ ಆಗುತ್ತದೆ, ಆ್ಯಂಟಿಬಯಾಟಿಕ್ ಹೆಚ್ಚಾಗಿ ಐದಾರು ದಿನ. ಹೊಸದನ್ನು ಸಾಧ್ಯವಾದಷ್ಟು ಕಡಿಮೆ ಬಳಸಿ ಅಂತ ವೈದ್ಯರೇ ಹೇಳುತ್ತಾರೆ. ಕಂಪನಿಗಳು ಯಾಕೆ ದುಡ್ಡು ಹಾಕ್ತಾವೆ?

ಹಾಗಾಗಿ ಇದ್ದದ್ದನ್ನು ಉಳಿಸಿಕೊಳ್ಳೋದೇ ಸದ್ಯದ ದಾರಿ. ಪಟ್ಟಿ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಬೇಕೇ ಬೇಕು. ಸೆಫಿಕ್ಸಿಮ್‌ನಂಥ ಔಷಧಿಗಳಿಗೆ 2014ರ ಮಾರ್ಚ್ 1ರಿಂದ ‘ಎಚ್1’ ನಿಯಮ ಇದೆ. ರೋಗಿ, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು.

ಆದರೆ ಅಂಗಡಿಯವರ ಮೇಲಷ್ಟೇ ಹೊರೆ ಹಾಕಿದರೆ ಆಗಲ್ಲ. ಒಬ್ಬರು ಚೀಟಿ ಕೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ. ಕಣಕುಂಬಿ, ಜಾಂಬೋಟಿ ಕಡೆಯವರಿಗೆ ಡಾಕ್ಟರ್ ಹತ್ತಿರ ಹೋಗೋದಂದ್ರೆ ಬಸ್ ಚಾರ್ಜು, ಫೀಸು, ಒಂದು ದಿನದ ಕೂಲಿ ಎಲ್ಲಾ ಹೋಗುತ್ತದೆ. ಎಲ್ಲ ಅಂಗಡಿಗೂ ಒಂದೇ ತಪಾಸಣೆ ಆಗಬೇಕು, ಹಳ್ಳಿ ಆರೋಗ್ಯ ಕೇಂದ್ರದಲ್ಲಿ ಸಂಜೆ ಹೊತ್ತೂ ವೈದ್ಯರು ಸಿಗಬೇಕು. ಎರಡೂ ಆದ್ರೆ ಮಾತ್ರ ಚೀಟಿ ಕೇಳೋ ಅಂಗಡಿಯವರಿಗೆ ನಷ್ಟ ಆಗಲ್ಲ.