ಮೂರನೆಯ ಬಾಟಲಿ

ಮಕ್ಕಳೇ, ಹೋದ ಚಳಿಗಾಲದಲ್ಲಿ ಐದನೆಯ ಇಯತ್ತೆ ಓದುವ ಮೊಮ್ಮಗಳನ್ನು ಕರೆದುಕೊಂಡು ಬಾದಾಮಿಗೆ ಹೋಗಿದ್ದೆ. ಅಗಸ್ತ್ಯ ತೀರ್ಥದ ಸುತ್ತ ಒಂದು ಪೂರ್ತಿ ಸುತ್ತು ನಡೆಯಬೇಕೆಂಬುದು ಅವಳ ಹಠ. ಹೊರಡುವಾಗ ನಾನು ಚೀಲಕ್ಕೆ ಮೂರು ಬಾಟಲಿ ನೀರು ಹಾಕಿದೆ.

‘ಮುತ್ಯಾ, ಇಬ್ಬರಿಗೆ ಮೂರು ಯಾಕ?’

‘ಆಮ್ಯಾಲ ಹೇಳ್ತೀನಿ, ನಡಿ’ ಅಂದೆ.

ಬೆಳಿಗ್ಗೆ ಬೇಗನೇ ಗುಹೆಗಳ ಮೆಟ್ಟಿಲು ಹತ್ತಿದೆವು. ನಾಲ್ಕು ಗುಹೆಗಳಲ್ಲಿ ಮೂರನೆಯದರ ಶಾಸನದಲ್ಲಿ ಅದರ ಕಾಲ ಬರೆದಿದೆ. ಲೆಕ್ಕ ಹಾಕಿದರೆ ಕ್ರಿ.ಶ. 578. ಅದಕ್ಕೂ ಮೊದಲು, 543ರಲ್ಲಿ, ಒಂದನೆಯ ಪುಲಕೇಶಿ ಇಲ್ಲಿಯ ಗುಡ್ಡವನ್ನು ಕೋಟೆ ಮಾಡಿಕೊಂಡ. ಆದರೆ ಮೊಮ್ಮಗಳು ನೋಡಿದ್ದು ಬಂಡೆಯನ್ನು. ‘ಇಷ್ಟು ದೊಡ್ಡ ಗುಡ್ಡ ಯಾರು ಸೀಳ್ಯಾರ?’ ಎಂದಳು.

ನೀರು ಸೀಳಿದೆ. ಇದು ಮರಳುಗಲ್ಲು. ಡೈನೋಸಾರ್‌ಗಳು ಹುಟ್ಟುವುದಕ್ಕೂ ಬಹಳ ಹಿಂದೆ ನೀರು ಹೊತ್ತು ತಂದ ಮರಳು ಪದರ ಪದರವಾಗಿ ಕುಳಿತು ಕಲ್ಲಾಯಿತು. ಅದರೊಳಗಿನ ಕಬ್ಬಿಣದ ಅಂಶ ತುಕ್ಕು ಹಿಡಿದು ಕೆಂಪಾಯಿತು. ಬಂಡೆಯ ಬಿರುಕುಗಳಲ್ಲಿ ಮಳೆನೀರು ಇಳಿದು, ಕೊರೆದು, ಆಳವಾದ ಸಂದಿಗಳಾದವು. ಮಳೆ ಕಡಿಮೆ ಬೀಳುವ ಸೀಮೆಯಲ್ಲೂ ನೀರು ಇಷ್ಟು ಕೆಲಸ ಮಾಡಿದೆ!

ಕೆರೆ ಬಳಸಿ ಪೂರ್ವದ ದಂಡೆಯ ಭೂತನಾಥ ಗುಡಿ ಮುಟ್ಟುವಾಗ ಒಂದು ಬಾಟಲಿ ಖಾಲಿಯಾಗಿತ್ತು. ಗುಡ್ಡದ ಆಚೆ ಕುರುಚಲು ಕಾಡಿನಲ್ಲಿ ಸಿಡಿಲಫಡಿ ಎಂಬ ದೊಡ್ಡ ಕಲ್ಲಾಸರೆ ಇದೆ. ಶಿಲಾಯುಗದ ಮನುಷ್ಯರು ಅಲ್ಲಿ ವಾಸವಾಗಿದ್ದರು. ಅಲ್ಲಿಗೂ ಹೋಗೋಣ ಎಂದಳು. ಬಿಸಿಲೇರಿತ್ತು. ‘ಇವತ್ತು ಬ್ಯಾಡ’ ಅಂದೆ. ಮುಖ ಊದಿಸಿಕೊಂಡು, ‘ನೀ ಅಂಜ್ತಿ ಮುತ್ಯಾ’ ಎಂದಳು.

ಹೌದು, ಅಂಜುತ್ತೇನೆ. ಯಾಕೆಂದು ಗುಡಿಯ ಕಟ್ಟೆಯ ಮೇಲೆ ಕೂತು ಅವಳಿಗೆ ಹೇಳಿದೆ. ಮನೆಯಲ್ಲಿ ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

1973ರ ಏಪ್ರಿಲ್. ನಾನು ವಿಜಾಪುರದಲ್ಲಿ ಬಿ.ಕಾಂ. ಓದುತ್ತಿದ್ದೆ. ಪರೀಕ್ಷೆ ಮುಗಿದ ಮರುದಿನ ಗೆಳೆಯರು ನಾಲ್ವರು ಮೀಟರ್‌ಗೇಜ್ ರೈಲು ಹತ್ತಿದೆವು. ಒಬ್ಬ ಇಂಡಿಯವ, ಒಬ್ಬ ಸಿಂದಗಿಯವ, ಒಬ್ಬ ಮುದ್ದೇಬಿಹಾಳದವ, ನಾನು ಬಸವನ ಬಾಗೇವಾಡಿಯವ. ಅದು ದೊಡ್ಡ ಬರಗಾಲ. ನಮ್ಮ ಊರುಗಳಲ್ಲಿ ಹಳ್ಳದ ಮರಳಿನಲ್ಲಿ ವರತೆ ತೋಡಿ, ಚರಿಗೆಯಿಂದ ಕೊಡ ತುಂಬಿಸುತ್ತಿದ್ದರು. ಹಾಗಿದ್ದೂ ನಾವು ನಾಲ್ವರು ಒಂದೇ ಬಾಟಲಿ ಹಿಡಿದು ಇದೇ ಗುಡ್ಡ ಹತ್ತಿದೆವು.

ಸುತ್ತು ಹಾಕಿ ಉತ್ತರದ ಕೋಟೆಯ ಕಡೆಯಿಂದ ಇಳಿಯುವುದು ನಮ್ಮ ಲೆಕ್ಕ. ಮಧ್ಯಾಹ್ನದ ಹೊತ್ತಿಗೆ ದಾರಿ ತಪ್ಪಿತು. ಒಂದು ಸಂದಿ ಇಳಿದರೆ ಮುಂದೆ ಕಡಿದಾದ ಗೋಡೆ, ಇನ್ನೊಂದು ಇಳಿದರೆ ಮುಳ್ಳುಕಂಟಿ. ಸಿಂದಗಿಯವನು ‘ಬಂದ ದಾರೀಲೇ ತಿರುಗೋಣು’ ಎಂದ. ‘ಅರ್ಧ ಬಂದೀವಿ, ಮುಂದಕ್ಕೇ ಹೋಗೋಣು’ ಎಂದವನು ನಾನು. ಸ್ವಲ್ಪ ಹೊತ್ತಿಗೆ ಮುದ್ದೇಬಿಹಾಳದವನು ವಾಂತಿ ಮಾಡಿಕೊಂಡ. ಏನೇನೋ ಬಡಬಡಿಸುತ್ತ ಕುಸಿದ. ಮುಟ್ಟಿದರೆ ಮೈ ಸುಡುತ್ತಿತ್ತು. ಬಾಟಲಿಯಲ್ಲಿ ಹನಿ ನೀರಿರಲಿಲ್ಲ.

ನಮ್ಮ ಕೂಗು ಕೇಳಿ ಕುರಿ ಕಾಯುವ ಮುದುಕನೊಬ್ಬ ಬಂದ. ಅವನನ್ನು ಬಂಡೆಯ ನೆರಳಿಗೆ ಎಳೆಸಿದ. ತನ್ನ ರುಮಾಲು ಬಿಚ್ಚಿ, ತತ್ರಾಣಿಯ ನೀರಲ್ಲಿ ತೋಯಿಸಿ, ತಲೆಗೆ ಎದೆಗೆ ಹಾಕಿದ. ಮೈ ತಣ್ಣಗಾಗಿ, ಪೂರ್ತಿ ಎಚ್ಚರ ಬಂದ ಮೇಲೆ, ‘ಒಮ್ಮಿಗೇ ಬ್ಯಾಡ ತಮ್ಮಾ, ಗುಟುಕು ಗುಟುಕು ಕುಡಿ’ ಎನ್ನುತ್ತ ಕುಡಿಸಿದ. ಉಳಿದದ್ದನ್ನು ನಮಗೆ ಹಂಚಿದ. ಸಂಜೆ ಕೆರೆಯವರೆಗೆ ದಾರಿ ತೋರಿಸಿ, ಕುರಿಗಳ ಕಡೆ ತಿರುಗಿ ಹೋದ.

ರೈಲಿನಲ್ಲಿ ಕೂತಾಗ ನನಗೆ ಹೊಳೆಯಿತು: ತತ್ರಾಣಿ ಪೂರ್ತಿ ಬರಿದಾಗಿತ್ತು. ಆ ಬಿಸಿಲಲ್ಲಿ ಮುದುಕ ತಾನು ಏನು ಕುಡಿದ? ನಾಲ್ವರಲ್ಲಿ ಒಬ್ಬರೂ ಕೇಳಿರಲಿಲ್ಲ. ಹೆಸರನ್ನೂ ಕೇಳಿರಲಿಲ್ಲ. ಮುಂದೆ ಬ್ಯಾಂಕಿನಲ್ಲಿ ಬೇರೆಯವರ ಸಾಲದ ಲೆಕ್ಕ ಬರೆಯುತ್ತ ಕೂತಾಗ ಈ ಸಾಲ ಎಷ್ಟೋ ಸಲ ನೆನಪಾಗಿದೆ.

ಅಂದಿನಿಂದ ನನ್ನದೊಂದು ಪದ್ಧತಿ. ನೀರನ್ನು ಮೂರು ಪಾಲು ಮಾಡುವುದು. ಒಂದು ಹೋಗಲಿಕ್ಕೆ, ಒಂದು ಬರಲಿಕ್ಕೆ, ಮೂರನೆಯದು ದಾರಿಯಲ್ಲಿ ಸಿಗುವವರಿಗೆ. ಸುತ್ತು ಅರ್ಧ ಮುಗಿಯುವ ಮೊದಲೇ ಮೊದಲ ಪಾಲು ತೀರಿದರೆ, ಬಂದ ದಾರಿಯಲ್ಲೇ ತಿರುಗಬೇಕು. ಗುಡ್ಡ ಎಲ್ಲಿಗೂ ಹೋಗುವುದಿಲ್ಲ, ಇನ್ನೊಮ್ಮೆ ಬರಬಹುದು. ನಮ್ಮ ಸೀಮೆಯ ಬೇಸಿಗೆಯಲ್ಲಿ ಬಂಡೆಗಳ ನಡುವೆ ಹೋಗುವುದಾದರೆ ನಸುಕಿನಲ್ಲೇ ಹೊರಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಿ ಹೋಗಿ. ಯಾರಾದರೂ ‘ತಿರುಗೋಣು’ ಎಂದರೆ ನಗಬೇಡಿ.

ಮೊಮ್ಮಗಳು ಮಾತಾಡಲಿಲ್ಲ. ‘ಮುದ್ದೇಬಿಹಾಳದ ಮುತ್ಯಾ ಈಗ ಅದಾರೇನು?’ ಎಂದಷ್ಟೇ ಕೇಳಿದಳು. ಇದ್ದಾನೆ. ಪ್ರತಿ ಬೇಸಿಗೆಗೂ ಫೋನ್ ಮಾಡಿ, ‘ನೀರು ಕುಡಿದ್ಯೇನೋ?’ ಎಂದು ನನ್ನನ್ನೇ ವಿಚಾರಿಸುತ್ತಾನೆ.

ಉತ್ತರದ ದಂಡೆಯಿಂದ ಮ್ಯೂಸಿಯಂ ಹತ್ತಿರ ಬಂದು ಸುತ್ತು ಮುಗಿಸಿದೆವು. ಎರಡನೆಯ ಬಾಟಲಿಯೂ ಮುಗಿಯಿತು. ಬಸ್ ನಿಲ್ದಾಣದಲ್ಲಿ ಬಾಯಾರಿಕೆ ಎಂದಳು. ಮೂರನೆಯದನ್ನು ಕೊಡಹೋದರೆ ತಲೆಯಾಡಿಸಿದಳು.

‘ಬ್ಯಾಡ ಮುತ್ಯಾ. ಇನ್ನೂ ಊರು ಮುಟ್ಟಿಲ್ಲ. ಬ್ಯಾರೆ ತಗೋಳೋಣು.’